ಹಲ್ಲಿನ ಸ್ಕ್ಯಾನ್ ನೋಡಿ ಅಪ್ಪನ ವಯಸ್ಸು ಹೇಳಬಹುದಾ?

ಬದಿಯಡ್ಕದ ಓದುಗರೊಬ್ಬರು ಕೇಳಿದ್ದಾರೆ: "ಅಪ್ಪನ ಹುಟ್ಟಿದ ದಿನ ಶಾಲೆಯ ದಾಖಲೆಯಲ್ಲಿ ಜೂನ್ 1 ಅಂತ ಇದೆ. ಮಾಷ್ಟ್ರು ಸುಮ್ನೆ ಬರೆದದ್ದು. ಹಲ್ಲಿನ ಸ್ಕ್ಯಾನ್ ಮಾಡಿಸಿದರೆ ಸರಿಯಾದ ವಯಸ್ಸು ಗೊತ್ತಾಗುತ್ತದಾ?"

ನಿಮ್ಮ ಮಗನದ್ದಾದರೆ ಹೆಚ್ಚುಕಮ್ಮಿ ಗೊತ್ತಾಗುತ್ತದೆ. ಅಪ್ಪನದ್ದು ಕಷ್ಟ. (ಜೂನ್ 1ರಂದು ಹುಟ್ಟಿದ ಹಿರಿಯರನ್ನು ಲೆಕ್ಕ ಹಾಕಿದರೆ, ಆ ದಿನ ನಮ್ಮೂರಿನ ಸೂಲಗಿತ್ತಿಯರಿಗೆ ಊಟಕ್ಕೂ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ!)

ಕಾಸರಗೋಡು ಗಿಡ್ಡ ತಳಿಯ ಹೋರಿ ಕೊಳ್ಳುವವರು ಮೊದಲು ಬಾಯಿ ಬಿಡಿಸಿ ನೋಡುತ್ತಾರೆ, ಅಲ್ವಾ? ಎರಡು ಹಲ್ಲೋ, ನಾಲ್ಕು ಹಲ್ಲೋ ಎಂದು ಎಣಿಸಿ ವಯಸ್ಸು ಅಂದಾಜು ಮಾಡುತ್ತಾರೆ. ವೈದ್ಯರು ಮಾಡುವುದೂ ಹತ್ತಿರಹತ್ತಿರ ಅದನ್ನೇ. ಆದರೆ ಅವರು ನೋಡುವುದು ವಸಡಿನ ಒಳಗೆ. ಅದಕ್ಕೆ ಓಪಿಜಿ ಎಂಬ ಎಕ್ಸ್‌ರೇ ಬೇಕು. ಯಂತ್ರ ತಲೆಯ ಸುತ್ತ ಒಂದು ಸುತ್ತು ಬರುತ್ತದೆ, ಎರಡೂ ದವಡೆಗಳ ಎಲ್ಲ ಹಲ್ಲುಗಳು ಒಂದೇ ಚಿತ್ರದಲ್ಲಿ ಸಿಗುತ್ತವೆ.

ಹಲ್ಲು ಬೆಳೆಯುವುದು ಅದರ ತಲೆಯಿಂದ ಬೇರಿನ ಕಡೆಗೆ. ಮೊದಲು ತಲೆ ಗಟ್ಟಿಯಾಗುತ್ತದೆ, ಆಮೇಲೆ ಬೇರು ಇಳಿಯುತ್ತದೆ, ಕೊನೆಗೆ ಬೇರಿನ ತುದಿ ಮುಚ್ಚಿಕೊಳ್ಳುತ್ತದೆ. ಹೊಟ್ಟೆಗೆ ಕಡಿಮೆಯಾದರೆ, ಕಾಯಿಲೆ ಬಿದ್ದರೆ ಮೂಳೆಯ ಬೆಳವಣಿಗೆ ಹಿಂದೆ ಬೀಳುತ್ತದೆ. ಹಲ್ಲು ಅಷ್ಟಾಗಿ ಹಿಂದೆ ಬೀಳುವುದಿಲ್ಲ. ಅದಕ್ಕೇ ಅದರ ಮೇಲೆ ನಂಬಿಕೆ ಜಾಸ್ತಿ. 1973ರಲ್ಲಿ ಕೆನಡಾದ ಡೆಮಿರ್ಜಿಯನ್ ಮತ್ತು ಸಂಗಡಿಗರು ಕೆಳದವಡೆಯ ಎಡಬದಿಯ ಏಳು ಹಲ್ಲುಗಳ ಬೆಳವಣಿಗೆಯನ್ನು ಎ-ಯಿಂದ ಎಚ್-ವರೆಗೆ ಎಂಟು ಹಂತಗಳಾಗಿ ವಿಂಗಡಿಸಿದರು. ಪ್ರತಿ ಹಂತಕ್ಕೆ ಅಂಕ, ಅಂಕ ಕೂಡಿಸಿದರೆ ವಯಸ್ಸು. ಅವರು ನೋಡಿದ್ದು ಫ್ರೆಂಚ್ ಮೂಲದ ಮಕ್ಕಳನ್ನು. ನಮ್ಮ ಮಕ್ಕಳಿಗೆ ಅದೇ ಲೆಕ್ಕ ಸರಿಹೋಗಬೇಕೆಂದಿಲ್ಲ. ಭಾರತೀಯರಿಗೆ ಹೊಂದುವ ಸೂತ್ರ ಕಟ್ಟಿದವರಲ್ಲಿ ಧಾರವಾಡದ ಸಂಶೋಧಕರೂ ಇದ್ದಾರೆ.

ತಕರಾರು ಶುರುವಾಗುವುದು ಹದಿನಾರು ದಾಟಿದ ಮೇಲೆ. ಅಷ್ಟರಲ್ಲಿ ಉಳಿದ ಹಲ್ಲುಗಳ ಬೇರಿನ ತುದಿಯೆಲ್ಲ ಮುಚ್ಚಿರುತ್ತದೆ, ನೋಡಲು ಉಳಿಯುವುದು ಬುದ್ಧಿಹಲ್ಲು ಒಂದೇ. ಅದೋ, ಊರಿಗೆಲ್ಲ ಒಂದು ದಾರಿಯಾದರೆ ಅದಕ್ಕೇ ಒಂದು ದಾರಿ. ಕೆಲವರಿಗೆ ಹುಟ್ಟುವುದೇ ಇಲ್ಲ. ಆದರೆ ನ್ಯಾಯಾಲಯಕ್ಕೆ ಬೇಕಾಗುವುದು ಆ 18ರ ಗೆರೆಯೇ. ಇಟಲಿಯ ಕ್ಯಾಮೆರಿಯೆರೆ 2008ರಲ್ಲಿ ಒಂದು ಅಳತೆ ಸೂಚಿಸಿದರು: ಬುದ್ಧಿಹಲ್ಲಿನ ಬೇರಿನ ತುದಿಯಲ್ಲಿ ಉಳಿದ ಬಾಯಿಯ ಅಗಲವನ್ನು ಹಲ್ಲಿನ ಉದ್ದದಿಂದ ಭಾಗಿಸಬೇಕು. 0.08ಕ್ಕಿಂತ ಕಡಿಮೆ ಬಂದರೆ 18 ದಾಟಿರುವ ಸಾಧ್ಯತೆ ಹೆಚ್ಚು. ಗಮನಿಸಿ, ಸಾಧ್ಯತೆ ಮಾತ್ರ. 17ರ ಹುಡುಗನೂ ಗೆರೆ ದಾಟಿದವನಂತೆ ಕಾಣಬಹುದು.

ಹಾಗಾಗಿಯೇ 2015ರ ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಮೊದಲು ಕೇಳುವುದು ಶಾಲೆಯ ಅಥವಾ ಹತ್ತನೇ ತರಗತಿಯ ದಾಖಲೆ. ಅದಿಲ್ಲದಿದ್ದರೆ ಪಂಚಾಯತ್ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯರ ಪರೀಕ್ಷೆ. ಮಾಷ್ಟ್ರು ಸುಮ್ನೆ ಬರೆದದ್ದಕ್ಕೆ ಎಷ್ಟು ತೂಕ ನೋಡಿ!

ಇನ್ನು ನಿಮ್ಮ ಅಪ್ಪ. ದೊಡ್ಡವರ ಹಲ್ಲಿನಲ್ಲಿ ಬೆಳೆಯುವುದೇನೂ ಉಳಿದಿಲ್ಲ. ಹಲ್ಲಿನ ನಡುವೆ ನರ, ರಕ್ತನಾಳ ಇರುವ ಟೊಳ್ಳು ವರ್ಷ ಕಳೆದಂತೆ ಕಿರಿದಾಗುತ್ತದೆ. ಸ್ಕ್ಯಾನ್‌ನಲ್ಲಿ ಅದನ್ನು ಅಳೆಯುತ್ತಾರೆ. ಆದರೆ ಹತ್ತು ವರ್ಷ ಆಚೀಚೆ ಆಗುವುದು ಮಾಮೂಲು. ಅಪ್ಪ ಎಲೆಯಡಿಕೆ ಹಾಕುವವರಾದರೆ ಇನ್ನೂ ಗೊಂದಲ. ಹಲ್ಲು ಸವೆದ ಕಡೆ ಒಳಗೆ ಹೊಸ ಪದರ ಕೂಡುತ್ತದೆ, ಟೊಳ್ಳು ಬೇಗ ಮುಚ್ಚುತ್ತದೆ, ಅರವತ್ತರವರು ಎಪ್ಪತ್ತರವರಂತೆ ಕಾಣುತ್ತಾರೆ.

ಗುರುತು ಸಿಗದ ಶವದ ವಿಷಯದಲ್ಲಾದರೆ ಹತ್ತು ವರ್ಷದ ಅಂದಾಜೂ ಪೊಲೀಸರಿಗೆ ದೊಡ್ಡ ಸಹಾಯ. ಹುಟ್ಟಿದ ದಿನಕ್ಕೆ ಅದು ಸಾಲದು. ಮನೆಯ ಅಟ್ಟದಲ್ಲೋ ಪೆಟ್ಟಿಗೆಯಲ್ಲೋ ಅಪ್ಪನ ಜಾತಕ ಇದೆಯಾ, ಒಮ್ಮೆ ಹುಡುಕಿ ನೋಡಿ.