ಇಲಿಯ ಚಕ್ರವೂ ಸಂಸ್ಥಾಪಕರ ಸೋಲೂ

ನವೋದ್ಯಮಿಗಳ ಸಮಾವೇಶಗಳಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: ಸೋಲನ್ನು ತಾಳಿಕೊಳ್ಳುವ ಗಟ್ಟಿತನ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ, ಉಳಿದವರು ಅವರನ್ನು ಕಂಡು ಸ್ಫೂರ್ತಿ ಪಡೆಯಬೇಕು. ಆ ಭಾಷಣಕ್ಕೆ ಚಪ್ಪಾಳೆ ತಟ್ಟಿದವರೇ ಹೂಡಿಕೆದಾರರು ಕೈಕೊಟ್ಟ ಮರುದಿನ ಕಂಪನಿಯ ಹೆಸರಿಗೊಂದು ಅಕ್ಷರ ಸೇರಿಸಲು ಸಂಖ್ಯಾಶಾಸ್ತ್ರಿಯ ಬಳಿಗೂ ಕಚೇರಿಯ ಬಾಗಿಲು ತಿರುಗಿಸಲು ವಾಸ್ತುತಜ್ಞರ ಬಳಿಗೂ ಹೋಗುವುದುಂಟು. ಹುಟ್ಟುಗುಣವೆನ್ನುವವರೂ ಗ್ರಹಗತಿಯೆನ್ನುವವರೂ ಪರಸ್ಪರ ವಿರೋಧಿಗಳಂತೆ ಕಂಡರೂ, ಇಬ್ಬರೂ ಚೇತರಿಕೆಯ ಕೀಲಿಯನ್ನು ಉದ್ಯಮಿಯ ಕೈಗೆಟುಕದ ಜಾಗದಲ್ಲಿಯೇ ಇಡುತ್ತಾರೆ. ಪ್ರಯೋಗಾಲಯಗಳಲ್ಲಿ ಕಂಡುಬಂದದ್ದು ಇದಕ್ಕೆ ನೇರ ವಿರುದ್ಧವಾಗಿದೆ.

1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಪ್ರಕಟಿಸಿದ ಪ್ರಯೋಗವು ಇಂದಿನ ನೀತಿಸಂಹಿತೆಯ ಕಣ್ಣಿಗೆ ಕ್ರೂರವಾಗಿ ಕಾಣುತ್ತದೆ. ಅದರ ರಚನೆ ಮಾತ್ರ ಅಪೂರ್ವವಾದದ್ದು. ಎರಡು ಗುಂಪಿನ ನಾಯಿಗಳಿಗೆ ಒಂದೇ ಪ್ರಮಾಣದ, ಒಂದೇ ಅವಧಿಯ ವಿದ್ಯುತ್ ಆಘಾತ ನೀಡಲಾಯಿತು. ಮೊದಲ ಗುಂಪಿನ ನಾಯಿ ತಲೆಯಿಂದ ಹಲಗೆಯೊಂದನ್ನು ಒತ್ತಿದರೆ ಆಘಾತ ನಿಲ್ಲುತ್ತಿತ್ತು. ಎರಡನೆಯ ಗುಂಪಿನ ನಾಯಿ ಏನು ಮಾಡಿದರೂ ಆಘಾತ ತಾನಾಗಿ ನಿಲ್ಲುವವರೆಗೆ ನಿಲ್ಲುತ್ತಿರಲಿಲ್ಲ. ಆಮೇಲೆ ತಗ್ಗಾದ ಅಡ್ಡಗೋಡೆ ಹಾರಿದರೆ ಪಾರಾಗಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟಾಗ, ಮೊದಲ ಗುಂಪಿನವು ಆಘಾತವನ್ನೇ ಕಾಣದ ನಾಯಿಗಳಷ್ಟೇ ಸಲೀಸಾಗಿ ಹಾರಿದವು, ಎರಡನೆಯ ಗುಂಪಿನ ಹೆಚ್ಚಿನವು ಬಿದ್ದಲ್ಲೇ ಬಿದ್ದುಕೊಂಡವು. ನೋವಿನ ಮೊತ್ತ ಎರಡೂ ಕಡೆ ಸಮನಾಗಿದ್ದುದರಿಂದ, ಅವುಗಳನ್ನು ಕುಗ್ಗಿಸಿದ್ದು ನೋವಲ್ಲ, ತನ್ನ ಕ್ರಿಯೆಗೂ ಫಲಕ್ಕೂ ಸಂಬಂಧವಿಲ್ಲವೆಂಬ ಅನುಭವ ಎಂದು ಅವರು ತೀರ್ಮಾನಿಸಿದರು.

ಈ ಪ್ರಯೋಗದ ಕಥೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ, ಆದರೆ ನಿಜವಾದ ಸ್ವಾರಸ್ಯ ಆರಂಭವಾಗುವುದೇ ಇಲ್ಲಿಂದ. ಮುಂದೆ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಮೇಯರ್ ಇಲಿಗಳತ್ತ ತಿರುಗಿದರು. ಆಘಾತ ನಿಲ್ಲಿಸಲು ಅವುಗಳ ಮುಂದೊಂದು ಪುಟ್ಟ ಚಕ್ರವಿತ್ತು. ಅನಿಯಂತ್ರಿತ ಆಘಾತವು ಮೆದುಳುಕಾಂಡದಲ್ಲಿರುವ ಡಾರ್ಸಲ್ ರಾಫೆ ಎಂಬ ಪುಟ್ಟ ನರಕೋಶ ಸಮೂಹವನ್ನು ಕೆರಳಿಸುತ್ತದೆ, ಅದು ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹರಿಸುತ್ತದೆ. (ಸೆರೊಟೋನಿನ್ ಎಂದರೆ ಸಂತೋಷದ ರಾಸಾಯನಿಕ ಎಂದು ಬರೆಯುವವರು ಇಲ್ಲೊಮ್ಮೆ ನಿಂತು ನೋಡಬೇಕು.) ಆ ಹರಿವು ಮೆದುಳಿನ ಅಮಿಗ್ಡಲಾ ಎಂಬ ಭಾಗವನ್ನು ತಲುಪಿದಾಗ ಭಯ ಹೆಚ್ಚುತ್ತದೆ, ಓಡುವ, ಹೋರಾಡುವ ಪ್ರತಿಕ್ರಿಯೆಗಳನ್ನು ನಡೆಸುವ ಭಾಗಕ್ಕೆ ಮುಟ್ಟಿದಾಗ ಕೈಕಾಲು ಕಟ್ಟಿದಂತಾಗುತ್ತದೆ. ಚಕ್ರ ತಿರುಗಿಸಬಲ್ಲ ಇಲಿಯಲ್ಲಿಯೂ ಈ ವ್ಯವಸ್ಥೆ ಇದ್ದೇ ಇದೆ. ಆದರೆ ಅದರ ಮೆದುಳಿನ ಮುಂಭಾಗದ ಪ್ರೀಫ್ರಂಟಲ್ ಕಾರ್ಟೆಕ್ಸ್ ತನ್ನ ಕ್ರಿಯೆ ಫಲ ಕೊಡುತ್ತಿದೆ ಎಂಬುದನ್ನು ಗುರುತಿಸಿ ಆ ಹರಿವನ್ನು ತಗ್ಗಿಸುತ್ತದೆ. ಕೆರೆಯ ತೂಬಿನ ಬಳಿ ನಿಂತ ನೀರಗಂಟಿಯನ್ನು ನೆನೆಯಿರಿ: ಕೆರೆ ತುಂಬುವುದು ಅವನ ಕೈಯಲ್ಲಿಲ್ಲ, ಮಳೆ ಅವನ ಮಾತು ಕೇಳುವುದಿಲ್ಲ, ತೂಬನ್ನು ಎಷ್ಟು ತೆರೆಯಬೇಕು ಎಂಬುದಷ್ಟೇ ಅವನದು, ಮತ್ತು ಗದ್ದೆ ಉಳಿಯುವುದೂ ಕೊಚ್ಚಿಹೋಗುವುದೂ ಅಷ್ಟರಿಂದಲೇ. 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಾರ್ಟೆಕ್ಸಿನ ಆ ಭಾಗವನ್ನು ಔಷಧದಿಂದ ನಿಷ್ಕ್ರಿಯಗೊಳಿಸಿದಾಗ, ಇಲಿ ಚಕ್ರವನ್ನು ಎಂದಿನಂತೆ ತಿರುಗಿಸಿ ಆಘಾತ ನಿಲ್ಲಿಸಿದರೂ ಆಮೇಲೆ ಅಸಹಾಯಕವಾಗಿಯೇ ವರ್ತಿಸಿತು.

ಹೀಗಾಗಿ 2016ರಲ್ಲಿ ಮೇಯರ್ ಮತ್ತು ಸೆಲಿಗ್ಮನ್ ತಮ್ಮ ಮೂಲ ಸಿದ್ಧಾಂತವನ್ನೇ ತಲೆಕೆಳಗು ಮಾಡಿದರು. ದೀರ್ಘ ಸಂಕಟದಲ್ಲಿ ಸುಮ್ಮನಾಗುವುದು ಕಲಿತು ಬಂದದ್ದಲ್ಲ, ಅದು ಮೆದುಳಿನ ಸಹಜ ಪ್ರತಿಕ್ರಿಯೆ, ಕಲಿಯಬೇಕಾದದ್ದು ನಿಯಂತ್ರಣ. ಅರ್ಧ ಶತಮಾನದ ತಮ್ಮದೇ ಖ್ಯಾತಿಯನ್ನು ಹೀಗೆ ತಿದ್ದಿಕೊಳ್ಳುವ ಧೈರ್ಯ ಯಾವ ಜ್ಯೋತಿಷಿಗೂ ಬಂದದ್ದನ್ನು ನಾನು ಕಂಡಿಲ್ಲ. ಮೊದಲೇ ನಿಯಂತ್ರಣದ ಅನುಭವ ಪಡೆದ ಇಲಿ ಮುಂದೆ ನಿಯಂತ್ರಿಸಲಾಗದ ಆಘಾತವನ್ನೂ ತಾಳಿಕೊಂಡಿತು ಎಂಬುದು ಉದ್ಯಮಿಗೆ ಇಲ್ಲಿನ ಅತ್ಯಂತ ಉಪಯುಕ್ತ ಸಂಗತಿ. ಮಾರುಕಟ್ಟೆಯ ಬಂಡವಾಳದ ಬರಗಾಲ ಯಾರ ಹಿಡಿತದಲ್ಲೂ ಇಲ್ಲ; ಈ ವಾರ ಎಷ್ಟು ಗ್ರಾಹಕರನ್ನು ಭೇಟಿಯಾಗಬೇಕು, ಯಾವ ಖರ್ಚು ನಿಲ್ಲಿಸಿ ಕೈಯಲ್ಲಿರುವ ಹಣವನ್ನು ಇನ್ನೆಷ್ಟು ತಿಂಗಳು ಎಳೆಯಬೇಕು ಎಂಬುದು ಹಿಡಿತದಲ್ಲಿದೆ.

ವಾಸ್ತುವಿನ ಮೊರೆ ಹೋಗುವವರು ಮೂರ್ಖರೇನಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ನ್ಯೂಗಿನಿ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ನೆಲೆಸಿದ್ದ ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್ಸ್ಕಿ, ಶಾಂತವಾದ ಒಳಕೊಲ್ಲಿಯಲ್ಲಿ ಮೀನು ಹಿಡಿಯುವಾಗ ಅಲ್ಲಿನ ಜನ ಮಂತ್ರ ಹಾಕುವುದಿಲ್ಲ, ಅಪಾಯದ ತೆರೆದ ಕಡಲಿಗಿಳಿಯುವಾಗ ಮಾತ್ರ ವಿಸ್ತಾರವಾದ ಮಂತ್ರಾಚರಣೆ ನಡೆಸುತ್ತಾರೆ ಎಂದು ದಾಖಲಿಸಿದರು. 2008ರಲ್ಲಿ ಸಂಶೋಧಕರಾದ ಜೆನಿಫರ್ ವಿಟ್ಸನ್ ಮತ್ತು ಆಡಂ ಗಲಿನ್ಸ್ಕಿ, ಹಿಡಿತ ತಪ್ಪಿದ ಭಾವದಲ್ಲಿರುವವರು ಅರ್ಥವಿಲ್ಲದ ಚುಕ್ಕೆಗಳಲ್ಲಿಯೂ ಇಲ್ಲದ ಚಿತ್ರಗಳನ್ನು ಕಾಣುತ್ತಾರೆಂದು ಪ್ರಯೋಗದಿಂದ ತೋರಿಸಿದರು. ಇಲ್ಲೊಂದು ಮುಜುಗರದ ಸತ್ಯವೂ ಇದೆ: ಕಾರ್ಟೆಕ್ಸಿನ ಆ ಭಾಗವನ್ನು ಔಷಧದಿಂದ ಚುರುಕುಗೊಳಿಸಿದರೆ, ಆಘಾತ ನಿಲ್ಲಿಸಲಾಗದ ಇಲಿಗೂ ರಕ್ಷಣೆ ದೊರೆಯುತ್ತದೆ. ಹಾಗಾಗಿ ಹುಸಿ ಹಿಡಿತವೂ ಒಂದಿಷ್ಟು ಸಮಾಧಾನ ಕೊಡುತ್ತಿರಬಹುದು. ಆದರೆ ಇಲಿಗೆ ತಿಂಗಳ ಕೊನೆಯಲ್ಲಿ ಸಂಬಳ ಕೊಡುವ ಹೊಣೆಯಿರಲಿಲ್ಲ.

ಒಬ್ಬರ ಮೆದುಳಿನೊಳಗೆ ಏನು ನಡೆಯಿತೆಂದು ಇಲಿಯನ್ನು ನೋಡಿ ಹೇಳಲಾಗದು. ಆದರೆ ಕೈಯಲ್ಲಿರುವುದನ್ನು ಹಿಡಿದು ಕೆಲಸ ಮಾಡುವುದು ಹೇಗಿರುತ್ತದೆ ಎಂಬುದಕ್ಕೆ ಬೆಂಗಳೂರಿನ ಔಷಧ ಕಂಪನಿ ಬಯೋಕಾನ್ ಒಳ್ಳೆಯ ನಿದರ್ಶನ. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ವಿಜ್ಞಾನ ಕಲಿತು ಬಂದ ಕಿರಣ್ ಮಜುಂದಾರ್ ಅವರಿಗೆ ಹೆಣ್ಣೆಂಬ ಕಾರಣಕ್ಕೆ ಇಲ್ಲಿ ಆ ಕೆಲಸ ಸಿಗಲಿಲ್ಲ. 1978ರಲ್ಲಿ 10,000 ರೂಪಾಯಿ ಬಂಡವಾಳದೊಂದಿಗೆ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಕಂಪನಿ ಆರಂಭಿಸಿದಾಗ ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು. ಅವರಿಗೆ ಗೊತ್ತಿದ್ದದ್ದು ಕಿಣ್ವಗಳ ವಿದ್ಯೆ, ಎಟುಕುವಂತಿದ್ದದ್ದು ಪರಂಗಿ ಕಾಯಿ ಮತ್ತು ಮೀನು. ಕಾಯಿಯಿಂದ ಪಪೇನ್ ಎಂಬ ಕಿಣ್ವ, ಮೀನಿನ ಗಾಳಿಚೀಲದಿಂದ ಬಿಯರನ್ನು ತಿಳಿಗೊಳಿಸುವ ಐಸಿಂಗ್ಲಾಸ್ ತಯಾರಾದವು. ಬಹಳ ವರ್ಷಗಳ ನಂತರ, 2011ರಲ್ಲಿ, ನುಂಗುವ ಇನ್ಸುಲಿನ್ನಿನ ಪ್ರಯೋಗ ನಿರೀಕ್ಷಿತ ಫಲ ಕೊಡಲಿಲ್ಲ. 2012ರಲ್ಲಿ ಇನ್ಸುಲಿನ್ ಮಾರಾಟಕ್ಕಾಗಿ ಫೈಜರ್ ಜೊತೆಗಿದ್ದ ಒಪ್ಪಂದ ಮುರಿಯಿತು. ಪಾಲುದಾರರು ಹೋದರೂ ಇನ್ಸುಲಿನ್ ತಯಾರಿಸುವ ವಿದ್ಯೆ ಮನೆಯಲ್ಲಿಯೇ ಉಳಿದಿತ್ತು. 2013ರಲ್ಲಿ ಮೈಲಾನ್ ಎಂಬ ಔಷಧ ಕಂಪನಿ ಇನ್ಸುಲಿನ್ನಿಗೆ ಪಾಲುದಾರನಾಗಿ ಬಂದಿತು, 2020ರಲ್ಲಿ ಇಬ್ಬರ ಗ್ಲಾರ್ಜಿನ್ ಇನ್ಸುಲಿನ್ನಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ದೊರೆಯಿತು.