ಪೂರ್ವಜನ್ಮದ ಕೊರಿಯಾ

ಧಾರವಾಡದ ಸಪ್ತಾಪುರದಲ್ಲಿರುವ ಗೆಳೆಯರೊಬ್ಬರ ಮನೆಯಲ್ಲಿ, ಕಾಲೇಜಿಗೆ ಹೋಗುವ ಅವರ ಮಗಳು ಅಜ್ಜ ಮೊದಲ ತುತ್ತು ಎತ್ತುವವರೆಗೆ ತಾಟಿಗೆ ಕೈ ಹಚ್ಚುವುದಿಲ್ಲ. ಹಿರಿಯರು ಏನು ಕೊಟ್ಟರೂ ಎರಡೂ ಕೈಗಳಿಂದ, ತುಸು ತಲೆಬಾಗಿ ತೆಗೆದುಕೊಳ್ಳುತ್ತಾಳೆ. ರೊಟ್ಟಿಯನ್ನು ಕೈಯಿಂದ ಮುರಿದರೂ ಅನ್ನಕ್ಕೆ ಚಮಚವೇ ಆಗಬೇಕು. ಇವೆಲ್ಲ ಕೊರಿಯಾದ ರೀತಿಗಳು. ಅಲ್ಲಿಯ ಧಾರಾವಾಹಿಗಳನ್ನು ನೋಡಿ ಕಲಿತವು. "ಹಿಂದಿನ ಜನ್ಮದಾಗ ಈಕಿ ಅಲ್ಲೇ ಹುಟ್ಟಿದ್ಳೇನೋ, ಋಣಾನುಬಂಧ ಎಳ್ಯಾಕತ್ತೈತಿ" ಎನ್ನುತ್ತಾರೆ ಅಜ್ಜಿ.

ಈ ಮಾತು ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. 1853ರಲ್ಲಿ ಜರ್ಮನಿಯಿಂದ ಬಂದು, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಹೊರತಂದ ಕಿಟೆಲ್ ಅವರನ್ನೂ ಸಭೆಗಳಲ್ಲಿ ಹೀಗೆಯೇ "ಪೂರ್ವಜನ್ಮದ ಕನ್ನಡಿಗ" ಎಂದು ಹೊಗಳುವುದನ್ನು ಕೇಳಿದ್ದೇನೆ. ನಾಲ್ಕು ದಶಕಗಳ ದುಡಿಮೆಯನ್ನು ಒಂದೇ ಮಾತಿನಲ್ಲಿ ವಿಧಿಯ ಖಾತೆಗೆ ಜಮಾ ಮಾಡುವುದು ಯಾವ ಸೀಮೆಯ ಗೌರವ?

ಮೋಹಗೊಂಡವರು ಹಾಡಿಗೆ ಮನಸೋತು, ಅಲ್ಲಿಗೇ ನಿಲ್ಲದೆ ಊಟ, ಉಡುಪು, ಕೈಸನ್ನೆಗಳನ್ನೂ ಏಕೆ ಎತ್ತಿಕೊಳ್ಳುತ್ತಾರೆ ಎಂಬುದೇ ಇಲ್ಲಿಯ ನಿಜವಾದ ಪ್ರಶ್ನೆ. 2005ರಲ್ಲಿ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ದಾರಿ ತೋರಿಸುತ್ತದೆ. ಪೆಟ್ಟಿಗೆಯೊಂದರಿಂದ ಬಹುಮಾನ ತೆಗೆಯುವುದನ್ನು ಮರಿ ಚಿಂಪಾಂಜಿಗಳಿಗೂ 3-4 ವರ್ಷದ ಮಕ್ಕಳಿಗೂ ತೋರಿಸಲಾಯಿತು. ಮೇಲಿನ ತೂತಿಗೆ ಕೋಲು ಹಾಕುವ ನಿರರ್ಥಕ ಕ್ರಿಯೆಯನ್ನೂ ಅದರಲ್ಲಿ ಬೇಕೆಂದೇ ಸೇರಿಸಲಾಗಿತ್ತು. ಒಳಗಿನದೆಲ್ಲ ಕಾಣುವ ಪಾರದರ್ಶಕ ಪೆಟ್ಟಿಗೆ ಕೊಟ್ಟಾಗ ಚಿಂಪಾಂಜಿಗಳು ಆ ವ್ಯರ್ಥ ಕ್ರಿಯೆಯನ್ನು ಬಹುಮಟ್ಟಿಗೆ ಕೈಬಿಟ್ಟವು. ನಮ್ಮ ಮಕ್ಕಳು ಮಾತ್ರ ಅದನ್ನೂ ನಿಷ್ಠೆಯಿಂದ ಮಾಡಿದರು.

ಇದು ಅತಿ ಅನುಕರಣೆ. ಮೇಲ್ನೋಟಕ್ಕೆ ದಡ್ಡತನ, ಆದರೆ ಮನುಷ್ಯನ ದೊಡ್ಡ ಜಾಣ್ಮೆ. ಕಸೂತಿ ಕಲಿಯುವ ಹುಡುಗಿಗೆ, ದಾರಕ್ಕೆ ಗಂಟು ಹಾಕಬಾರದೆಂಬ ನೇಮ ಮೊದಲು ಬರೀ ಕಟ್ಟಳೆಯಾಗಿ ತೋರುತ್ತದೆ. ಗವಂತಿ ಹೊಲಿಗೆಯ ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕವಾಗಿ ಮೂಡಿದಾಗಲೇ ಕಾರಣ ಹೊಳೆಯುವುದು. ರೊಟ್ಟಿ ಬಡಿಯಲು ಕುಳಿತ ಮಗು ತಾಯಿಯ ಅಂಗೈ ತಿರುವನ್ನಷ್ಟೇ ಕಲಿಯದೆ, ಬಳೆ ಹಿಂದಕ್ಕೆ ಸರಿಸುವುದನ್ನೂ ಕಲಿಯುತ್ತದೆ. ಯಾವುದು ತಿರುಳು, ಯಾವುದು ಹೊಟ್ಟು ಎಂದು ತಿಳಿಯದಿರುವಾಗ ತೆನೆಯನ್ನೇ ಮನೆಗೆ ತರುವುದು ಕ್ಷೇಮ. ಪರಸಂಸ್ಕೃತಿಯ ಮುಂದೆ ನಿಂತವರ ಪಾಡೂ ಇದೇ: ಕೊರಿಯಾದ ಸೊಗಸು ಹಾಡಿನಲ್ಲಿದೆಯೋ ಚಮಚದಲ್ಲಿದೆಯೋ ಹೇಳಲಾಗದ್ದರಿಂದ ಎರಡನ್ನೂ ಎತ್ತಿಕೊಳ್ಳುತ್ತಾರೆ.

ಯಾರನ್ನು ಅನುಕರಿಸಬೇಕೆಂಬ ಆಯ್ಕೆ ಹೆಚ್ಚಾಗಿ ಪ್ರತಿಷ್ಠೆಯನ್ನು ಹಿಂಬಾಲಿಸುತ್ತದೆ. ಎಲ್ಲರೂ ಯಾರತ್ತ ಕಣ್ಣು ನೆಟ್ಟಿದ್ದಾರೋ ನಮ್ಮ ಕಣ್ಣೂ ಅತ್ತಲೇ. ಉತ್ತರದ ಕೈರಾನಾ ಎಂಬ ಊರಿನ ಅಬ್ದುಲ್ ಕರೀಂ ಖಾನರ ಗಾಯನ ಈ ಸೀಮೆಯನ್ನು ಮರುಳು ಮಾಡಿದ್ದೂ ಹೀಗೆಯೇ. ಅವರ ಧ್ವನಿಮುದ್ರಿಕೆ ಕೇಳಿದ ಬಾಲಕ ಭೀಮಸೇನ ಜೋಶಿ 1933ರಲ್ಲಿ ಗದಗಿನ ಮನೆ ಬಿಟ್ಟು, ಗುರುವನ್ನು ಹುಡುಕುತ್ತ ಗ್ವಾಲಿಯರ್‌ವರೆಗೂ ಅಲೆದರು. ಕೊನೆಗೆ ಖಾನರ ಶಿಷ್ಯರಾದ ಸವಾಯಿ ಗಂಧರ್ವರು ಸಿಕ್ಕಿದ್ದು ಇಲ್ಲೇ ಹುಬ್ಬಳ್ಳಿಯ ಮಗ್ಗುಲಿನ ಕುಂದಗೋಳದಲ್ಲಿ. ಆ ಪರಸೀಮೆಯ ಸಂಗೀತವನ್ನು ಇಂದು ನಾವು ಧಾರವಾಡದ್ದೇ ಎಂದು ಹೆಮ್ಮೆಪಡುತ್ತೇವೆ.

ಗೆಳೆಯರ ಮನೆಗೆ ಮೊನ್ನೆ ಹೋದಾಗ ಅಜ್ಜಿ ಚಹಾ ತಂದರು. ಅಜ್ಜ ಕಪ್ಪನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡರು.