ಮತ್ತೆ ಮತ್ತೆ ಬರುವ ಮಗುವಿನ ಜ್ವರ: ದಿನ ಎಣಿಸುವುದು ಹೇಗೆ?

ನಮ್ಮ ಮಗಳಿಗೆ ಜ್ವರ ಮರುಕಳಿಸಲು ಶುರುವಾದ ಮೇಲೆ ಓದಿ, ಡಾಕ್ಟರನ್ನು ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇದು ಮನೆಯಲ್ಲೇ ಚಿಕಿತ್ಸೆ ಮಾಡಿಕೊಳ್ಳಲು ಅಲ್ಲ. ಡಾಕ್ಟರ ಮುಂದೆ ಕೂತಾಗ ಅವರು ಕೇಳುವ ಪ್ರಶ್ನೆ ನಮಗೆ ಅರ್ಥವಾಗಬೇಕು, ನಾವು ಕೊಡುವ ಉತ್ತರ ಅವರ ಕೆಲಸಕ್ಕೆ ಬರಬೇಕು. ಅದಕ್ಕಾಗಿ.

ಮೊದಲು ಒಂದು ವಿಂಗಡಣೆ

"ಮಗುವಿಗೆ ಯಾವಾಗಲೂ ಜ್ವರ" ಅಂದರೆ ಮೂರು ಬೇರೆ ಬೇರೆ ಕಥೆಗಳಿರಬಹುದು. ಒಂದು, ಬಂದ ಜ್ವರ ವಾರಗಟ್ಟಲೆ ಬಿಡದೇ ಇರುವುದು. ಎರಡು, ಬೇರೆ ಬೇರೆ ಸೋಂಕು ಒಂದಾದ ಮೇಲೊಂದು ಬರುವುದು. ಮೂರು, ಅದೇ ಜ್ವರ ಅದೇ ಲಕ್ಷಣಗಳ ಜೊತೆ ಹೋಗಿ ಹೋಗಿ ಬರುವುದು, ನಡುವೆ ಮಗು ಪೂರ್ತಿ ಚೆನ್ನಾಗಿರುವುದು. ಇದನ್ನೇ ಆವರ್ತ ಜ್ವರ ಅನ್ನುತ್ತಾರೆ.

ಎರಡನೆಯದೇ ತುಂಬ ಮನೆಗಳ ಕಥೆ. ಶಾಲೆಗೆ ಹೋಗುವ ಮುಂಚಿನ ವಯಸ್ಸಿನಲ್ಲಿ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ, ಕೆಮ್ಮು, ಜ್ವರ ಬರುವುದು ಸಹಜ. ಅಂಗನವಾಡಿ ಅಥವಾ ಪ್ಲೇಸ್ಕೂಲ್ ಸೇರಿದ ವರ್ಷ ಇನ್ನೂ ಜಾಸ್ತಿ. ಮೂಗು ಸೋರುತ್ತದೆ, ಮನೆಯಲ್ಲಿ ಇನ್ನೊಬ್ಬರಿಗೂ ಅಂಟುತ್ತದೆ, ಎರಡು ಮೂರು ದಿನದಲ್ಲಿ ಜ್ವರ ಬಿಡುತ್ತದೆ.

ಮೂರನೆಯ ಕಥೆಯನ್ನು ಎರಡನೆಯದರಿಂದ ಬೇರೆ ಮಾಡುವುದೇ ಕಷ್ಟ. ಅದಕ್ಕೆ ಬೇಕಾಗುವ ಮುಖ್ಯ ಸಾಮಾನು ಯಾವ ಲ್ಯಾಬ್‌ನಲ್ಲೂ ಇಲ್ಲ. ಮನೆಯ ಕ್ಯಾಲೆಂಡರಿನಲ್ಲಿದೆ.

ದಿನ ಎಣಿಸುವ ರೀತಿ

ಇಲ್ಲಿ ನಿಧಾನವಾಗಿ ಹೋಗೋಣ. ನನಗೆ ತಲೆಗೆ ಹತ್ತಲು ಹೆಚ್ಚು ಹೊತ್ತು ಬೇಕಾಗಿದ್ದು ಇದೇ.

"ಎಷ್ಟು ದಿನಕ್ಕೊಮ್ಮೆ ಬರುತ್ತದೆ?" ಎಂದು ಡಾಕ್ಟರ್ ಕೇಳುತ್ತಾರೆ. ಜ್ವರ ಬಿಟ್ಟ ದಿನದಿಂದ ಮುಂದಿನ ಜ್ವರ ಶುರುವಾದ ದಿನದವರೆಗೆ ಎಣಿಸಬೇಕೋ, ಶುರುವಿನಿಂದ ಶುರುವಿಗೆ ಎಣಿಸಬೇಕೋ? ಶುರುವಿನಿಂದ ಶುರುವಿಗೆ. ಜೂನ್ 3ಕ್ಕೆ ಬಂದ ಜ್ವರ 7ಕ್ಕೆ ಬಿಟ್ಟು, ಮತ್ತೆ ಜುಲೈ 1ಕ್ಕೆ ಬಂತು ಅಂದುಕೊಳ್ಳಿ. ಅಂತರ 28 ದಿನ, 24 ಅಲ್ಲ. ಜ್ವರ ಒಂದು ಸಲ ಮೂರು ದಿನ, ಇನ್ನೊಂದು ಸಲ ಐದು ದಿನ ಇರಬಹುದು. ಬಿಟ್ಟ ದಿನದಿಂದ ಎಣಿಸಿದರೆ ಆ ಏರುಪೇರೂ ಅಂತರದೊಳಗೆ ಸೇರಿಕೊಂಡು ಲೆಕ್ಕ ಕಲಸಿಹೋಗುತ್ತದೆ.

ಶುರು ಅಂದರೆ ಥರ್ಮಾಮೀಟರ್ ಮೊದಲ ಸಲ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ದಿನ. ಕೈ ಇಟ್ಟು ನೋಡಿ "ಮೈ ಬೆಚ್ಚಗಿದೆ" ಅನ್ನುವುದು ಲೆಕ್ಕಕ್ಕಿಲ್ಲ. ಬಿಟ್ಟಿತು ಅಂದರೆ ಪ್ಯಾರಸಿಟಮಾಲ್ ಕೊಡದೆಯೇ ಪೂರ್ತಿ 24 ಗಂಟೆ ಅದಕ್ಕಿಂತ ಕೆಳಗಿದ್ದದ್ದು. ಸಿರಪ್ ಕೊಟ್ಟ ಮೇಲೆ ಇಳಿದರೆ ಅದು ಸಿರಪ್ಪಿನ ಕೆಲಸ, ಜ್ವರ ಬಿಟ್ಟ ಹಾಗಲ್ಲ.

ಈಗ ನನಗೆ ತುಂಬ ಇಷ್ಟವಾದ ಉಪಾಯ. ತಿಂಗಳಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಏನೂ ಸರಿಯಾಗಿ ಕಾಣುವುದಿಲ್ಲ, ಯಾಕೆಂದರೆ ತಿಂಗಳುಗಳ ಉದ್ದ ಒಂದೇ ಅಲ್ಲ. ಬದಲಿಗೆ ಒಂದು ಚೌಕುಳಿ ಹಾಳೆ ತಗೊಳ್ಳಿ. ಒಂದು ಸಾಲಿಗೆ 28 ಮನೆ ಹಾಕಿ. 13 ಸಾಲು ಹಾಕಿದರೆ 364 ದಿನ, ಹೆಚ್ಚೂಕಡಿಮೆ ಒಂದು ವರ್ಷ. ಜನವರಿ 1 ಮೊದಲ ಸಾಲಿನ ಮೊದಲ ಮನೆ. ಜ್ವರ ಇದ್ದ ದಿನಗಳನ್ನು ಕೆಂಪಾಗಿ ತುಂಬಿ.

ಒಂದು ಕಲ್ಪಿಸಿದ ಲೆಕ್ಕ ನೋಡಿ. ಮೊದಲ ಮಗುವಿಗೆ ಜ್ವರ ಶುರುವಾದ ದಿನಗಳು: ಜನವರಿ 6, ಫೆಬ್ರವರಿ 3, ಮಾರ್ಚ್ 2, ಮಾರ್ಚ್ 31. ಅಂತರ 28, 27, 29 ದಿನ. ಹಾಳೆಯಲ್ಲಿ ಇವು ಕ್ರಮವಾಗಿ 6, 6, 5, 6ನೇ ಮನೆಗೆ ಬೀಳುತ್ತವೆ. ಒಂದರ ಕೆಳಗೊಂದು, ಕೆಂಪು ಕಂಬ! ಎರಡನೇ ಮಗುವಿಗೆ: ಜೂನ್ 10, ಜೂನ್ 22, ಜುಲೈ 30, ಆಗಸ್ಟ್ 9. ಅಂತರ 12, 38, 10. ಮನೆಗಳು 21, 5, 15, 25. ಹಾಳೆ ತುಂಬ ಚದುರಿಹೋಗಿವೆ. ಇಬ್ಬರಿಗೂ ಬಂದದ್ದು ನಾಲ್ಕೇ ಜ್ವರ. ಆದರೆ ಹಾಳೆ ನೋಡಿದವರಿಗೆ ಎರಡೂ ಒಂದೇ ಅಂತ ಅನ್ನಿಸುವುದೇ ಇಲ್ಲ.

ಕಂಬ ನೇರವಾಗಿಯೇ ಇರಬೇಕೆಂದಿಲ್ಲ. ಅಂತರ 26 ದಿನವಾದರೆ ಸಾಲು ಇಳಿದಂತೆ ಕಂಬ ಎಡಕ್ಕೆ ವಾಲುತ್ತದೆ, 30 ಆದರೆ ಬಲಕ್ಕೆ. ವಾಲಿದರೂ ಅದು ಕಂಬವೇ. ಪ್ರತಿ ಸಾಲಿಗೂ ಏಳು ಮನೆ ಎಡಕ್ಕೆ ಜಿಗಿಯುತ್ತಿದ್ದರೆ ಅಂತರ 21 ದಿನ. ಆಗ 21 ಮನೆಯ ಸಾಲು ಹಾಕಿ ಇನ್ನೊಮ್ಮೆ ತುಂಬಿ. 21ಕ್ಕೆ ಯಾಕೆ ಇಷ್ಟು ಗಮನ ಅಂತ ಮುಂದೆ ಹೇಳುತ್ತೇನೆ.

ಅದೇ ಮನೆಗಳಲ್ಲಿ ಸಣ್ಣ ಅಕ್ಷರದಲ್ಲಿ ಇನ್ನಷ್ಟು ಸೇರಿಸಬಹುದು. ಬಾಯಿ ಹುಣ್ಣಿದ್ದರೆ "ಹು", ಮನೆಯಲ್ಲಿ ಬೇರೆಯವರಿಗೂ ನೆಗಡಿ ಇದ್ದರೆ "ಮ", ಆಂಟಿಬಯಾಟಿಕ್ ಕೊಟ್ಟಿದ್ದರೆ "ಆ". ಈ "ಆ" ದೊಡ್ಡ ಗೊಂದಲ ಬಿಡಿಸುತ್ತದೆ. ಎರಡನೇ ದಿನವೋ ಮೂರನೇ ದಿನವೋ ಆಂಟಿಬಯಾಟಿಕ್ ಶುರು ಮಾಡಿದೆವು, ಐದನೇ ದಿನ ಜ್ವರ ಬಿಟ್ಟಿತು. ಔಷಧಿ ಹತ್ತಿತು ಅಂತ ಎಲ್ಲರಿಗೂ ಅನ್ನಿಸುತ್ತದೆ. ಆದರೆ "ಆ" ಇಲ್ಲದ ತಿಂಗಳಲ್ಲೂ ಐದನೇ ದಿನವೇ ಬಿಟ್ಟಿದ್ದರೆ? ಆ ಹಾಳೆಯನ್ನು ಡಾಕ್ಟರ ಮುಂದೆ ಇಟ್ಟರೆ ಅವರು ಖಂಡಿತ ಎರಡು ನಿಮಿಷ ಜಾಸ್ತಿ ನೋಡುತ್ತಾರೆ.

ಜ್ವರ ಇಲ್ಲದಾಗಲೂ ರಕ್ತ ಪರೀಕ್ಷೆ

ಸಿಆರ್‌ಪಿ ಅಂತ ಒಂದು ಪರೀಕ್ಷೆ ಇದೆ. ದೇಹದಲ್ಲಿ ಉರಿಯೂತ ಇದ್ದಾಗ ಅದು ಏರುತ್ತದೆ. ಆದರೆ ಸೋಂಕಾದರೂ ಏರುತ್ತದೆ, ಆವರ್ತ ಜ್ವರವಾದರೂ ಏರುತ್ತದೆ. ಹಾಗಾಗಿ ಜ್ವರದ ದಿನದ ಒಂದೇ ಸಂಖ್ಯೆಯಿಂದ ಜಾಸ್ತಿ ತಿಳಿಯುವುದಿಲ್ಲ. ಮಗು ಆರಾಮಾಗಿ ಆಡುತ್ತಿರುವಾಗ ಇನ್ನೊಮ್ಮೆ ಮಾಡಿಸಬೇಕು. ಆಗ ಪೂರ್ತಿ ಇಳಿದಿದ್ದರೆ ಒಂದು ದಾರಿ, ಇಳಿಯದೆ ನಿಂತಿದ್ದರೆ ಬೇರೆಯೇ ದಾರಿ. ಚೆನ್ನಾಗಿರುವ ಮಗುವಿಗೆ ಸೂಜಿ ಚುಚ್ಚಿಸಲು ಕರುಳು ಹಿಂಡುತ್ತದೆ, ನಿಜ. ಆದರೂ ಡಾಕ್ಟರ್ ಹೇಳಿದರೆ ತಪ್ಪಿಸಬೇಡಿ. ಎರಡು ಲ್ಯಾಬಿನ ವರದಿ ಹೋಲಿಸುವಾಗ ಅಳತೆ ನೋಡಿ. ಒಂದರಲ್ಲಿ ಲೀಟರಿಗೆ ಮಿಲಿಗ್ರಾಂ, ಇನ್ನೊಂದರಲ್ಲಿ ಡೆಸಿಲೀಟರಿಗೆ ಮಿಲಿಗ್ರಾಂ ಇರಬಹುದು. 60 ಮತ್ತು 6 ಒಂದೇ ಆಗಿಬಿಡುತ್ತದೆ.

ಹೆಸರುಗಳು

ಮಕ್ಕಳಲ್ಲಿ ಕಾಣುವ ಆವರ್ತ ಜ್ವರಗಳಲ್ಲಿ ಸಾಮಾನ್ಯವಾದದ್ದು ಪಿಎಫ್‌ಎಪಿಎ (ಆವರ್ತ ಜ್ವರ, ಬಾಯಿ ಹುಣ್ಣು, ಗಂಟಲು ಉರಿ, ಕತ್ತಿನ ಗಂಟು ಇವುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರ). 1987ರಲ್ಲಿ ಅಮೆರಿಕದ ಗ್ಯಾರಿ ಮಾರ್ಷಲ್ ಮತ್ತು ಜೊತೆಗಾರರು 12 ಮಕ್ಕಳಲ್ಲಿ ಇದನ್ನು ಗುರುತಿಸಿ ಬರೆದರು. ಹೆಚ್ಚಾಗಿ ಐದು ವರ್ಷದೊಳಗೆ ಶುರುವಾಗುತ್ತದೆ. ಜ್ವರ 102, 104ಕ್ಕೂ ಏರುತ್ತದೆ, ಮೂರರಿಂದ ಆರು ದಿನ ಇರುತ್ತದೆ, ಸುಮಾರು ಮೂರರಿಂದ ಆರು ವಾರಕ್ಕೊಮ್ಮೆ ಬರುತ್ತದೆ. ಜೊತೆಗೆ ಬಾಯಿ ಹುಣ್ಣು, ಗಂಟಲು ಕೆಂಪು, ಕತ್ತಿನ ಗಂಟು. ಮೂರೂ ಇರಲೇಬೇಕೆಂದಿಲ್ಲ. ಗಂಟಲಿನ ಕಲ್ಚರ್ (ಮಾದರಿ ತೆಗೆದು ಅದರಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಿದರೆ ಕಾಯಿಲೆ ತರುವ ಬ್ಯಾಕ್ಟೀರಿಯಾ ಸಿಗುವುದಿಲ್ಲ. ಮಗು ತೂಕ, ಎತ್ತರ ಎರಡರಲ್ಲೂ ಸರಿಯಾಗಿ ಬೆಳೆಯುತ್ತಿರುತ್ತದೆ. ಕಳ್ಳ ಬರದಿದ್ದರೂ ರಾತ್ರಿಯಿಡೀ ಬೊಗಳುವ ನಾಯಿಯ ಹಾಗೆ, ಸೋಂಕಿಲ್ಲದಿದ್ದರೂ ದೇಹದ ಕಾವಲು ಪಡೆ ತಾನಾಗಿ ಎದ್ದುಬಿಡುತ್ತದೆ. ಇದು ಅಂಟುವುದಿಲ್ಲ. ಬಹಳಷ್ಟು ಮಕ್ಕಳಿಗೆ ದೊಡ್ಡವರಾಗುತ್ತ ತಾನಾಗಿ ನಿಂತುಹೋಗುತ್ತದೆ.

ಪಿಎಫ್‌ಎಪಿಎ ಇದೆ ಎಂದು ಹೇಳುವ ಒಂದೇ ಪರೀಕ್ಷೆ ಇಲ್ಲ. ಉಳಿದದ್ದನ್ನೆಲ್ಲ ತಳ್ಳಿಹಾಕಿ ಅಲ್ಲಿಗೆ ಬರಬೇಕು. ಅದರಲ್ಲಿ ಮುಖ್ಯವಾದದ್ದು ಆ 21 ದಿನದ ಲೆಕ್ಕ. ಸೈಕ್ಲಿಕ್ ನ್ಯೂಟ್ರೊಪೀನಿಯಾದಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಸುಮಾರು ಮೂರು ವಾರಕ್ಕೊಮ್ಮೆ ತೀರಾ ಕುಸಿಯುತ್ತವೆ. ಅದರಲ್ಲೂ ಜ್ವರ, ಬಾಯಿ ಹುಣ್ಣು. ನೋಡಲು ಪಿಎಫ್‌ಎಪಿಎ ತರಹವೇ. ಆದರೆ ಇಲ್ಲಿ ಗಂಭೀರ ಸೋಂಕಿನ ಅಪಾಯ ಇದೆ. ರಕ್ತಕಣ ಎಣಿಸುವ ಸಿಬಿಸಿ ಪರೀಕ್ಷೆ ಒಂದು ಸಲ ಮಾಡಿಸಿದರೆ ಸಾಲದು, ಏಕೆಂದರೆ ಕುಸಿದ ದಿನ ತಪ್ಪಿಹೋಗಬಹುದು. ಅದಕ್ಕೇ ಸಂಶಯ ಬಂದಾಗ ವಾರಕ್ಕೆ ಎರಡು ಮೂರು ಸಲದಂತೆ ಆರು ವಾರ ರಕ್ತ ಎಣಿಸುತ್ತಾರೆ.

ವಂಶವಾಹಿಯಿಂದ ಬರುವವೂ ಇವೆ. ಫ್ಯಾಮಿಲಿಯಲ್ ಮೆಡಿಟರೇನಿಯನ್ ಫೀವರ್‌ನಲ್ಲಿ ಒಂದರಿಂದ ಮೂರು ದಿನದ ಜ್ವರ, ಜೋರು ಹೊಟ್ಟೆನೋವು. ಇದರ ಜೀನ್ ಸಿಕ್ಕಿದ್ದು 1997ರಲ್ಲಿ, ಔಷಧಿ ಕಾಲ್ಚಿಸಿನ್. ಟ್ರ್ಯಾಪ್ಸ್ ಎಂಬ ಇನ್ನೊಂದರಲ್ಲಿ ಜ್ವರ ವಾರಕ್ಕಿಂತ ಜಾಸ್ತಿ ಎಳೆಯುತ್ತದೆ. ಮೆವಲೊನೇಟ್ ಕೈನೇಸ್ ಎಂಬ ಕಿಣ್ವದ ಕೊರತೆ ಹೆಚ್ಚಾಗಿ ಮೊದಲ ವರ್ಷದಲ್ಲೇ ಶುರು, ಲಸಿಕೆ ಹಾಕಿಸಿದ ಮೇಲೆ ಕೆರಳುತ್ತದೆ. ಎಲ್ಲ ಮಕ್ಕಳಿಗೂ ಜೀನ್ ಪರೀಕ್ಷೆ ಬೇಕಿಲ್ಲ. ಒಂದು ವರ್ಷದೊಳಗೇ ಶುರುವಾಗಿದ್ದರೆ, ಮನೆತನದಲ್ಲಿ ಬೇರೆಯವರಿಗೂ ಇದ್ದರೆ, ಗಂದೆ ಅಥವಾ ಕೀಲು ಊತ ಇದ್ದರೆ ಆ ಮಾತು ಬರುತ್ತದೆ.

ನಮ್ಮ ಕಡೆ ಮೊದಲು ನೋಡಬೇಕಾದವು

ಈ ಅಪರೂಪದ ಹೆಸರುಗಳಿಗಿಂತ ಮುಂಚೆ ಮೂತ್ರ ಪರೀಕ್ಷೆ. ಚಿಕ್ಕ ಮಕ್ಕಳಲ್ಲಿ ಮೂತ್ರದ ಸೋಂಕು ಬರೀ ಜ್ವರವಾಗಿ ಕಾಣಿಸಿಕೊಳ್ಳಬಹುದು. ಮತ್ತೆ ಮತ್ತೆ ಬಂದರೆ ಕಿಡ್ನಿಯನ್ನೂ ನೋಡಬೇಕಾಗುತ್ತದೆ.

ಮಂಗಳೂರು, ಉಡುಪಿ ಕಡೆಯವರು ವೈವಾಕ್ಸ್ ಮಲೇರಿಯಾ ನೆನಪಿಡಿ. ಅದರ ರೋಗಾಣು ಪಿತ್ತಜನಕಾಂಗದಲ್ಲಿ ಮಲಗಿದ್ದು ವಾರಗಳ, ತಿಂಗಳುಗಳ ನಂತರ ಮತ್ತೆ ಏಳುತ್ತದೆ. ಮೂರು ದಿನದ ಕ್ಲೋರೋಕ್ವಿನ್‌ಗೆ ಜ್ವರ ಬಿಡುತ್ತದೆ, ಆದರೆ ಮಲಗಿದ್ದನ್ನು ಕೊಲ್ಲುವುದು 14 ದಿನದ ಪ್ರೈಮಾಕ್ವಿನ್. ಮಗು ಚೆನ್ನಾಗಿದೆ ಅಂತ ನಡುವೆ ನಿಲ್ಲಿಸಿದರೆ ಜ್ವರ ಮರಳಬಹುದು. ಇದನ್ನು ಡಾಕ್ಟರ್ ಹೇಳಿದರೆ ಮಾತ್ರ ಕೊಡಬೇಕು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಪ್ರೈಮಾಕ್ವಿನ್‌ನಿಂದ ರಕ್ತಕಣ ಒಡೆಯುತ್ತವೆ.

ಇನ್ನು ವಿಡಾಲ್, ಅಂದರೆ ಟೈಫಾಯಿಡ್‌ಗೆಂದು ಮಾಡಿಸುವ ರಕ್ತ ಪರೀಕ್ಷೆ. "ಟೈಫಾಯಿಡ್ ಸ್ವಲ್ಪ ಇದೆ" ಅನ್ನುವ ಮಾತು ಎಷ್ಟು ಸಲ ಕೇಳಿದ್ದೇವೆ, ಅಲ್ವಾ? ನಮ್ಮ ಊರುಗಳಲ್ಲಿ ಹಳೆಯ ಸೋಂಕಿನಿಂದಲೂ ಅದು ಪಾಸಿಟಿವ್ ಬರಬಹುದು. ಟೈಫಾಯಿಡ್ ಹೌದು ಎಂದು ಗಟ್ಟಿಯಾಗಿ ಹೇಳುವುದು ರಕ್ತದ ಕಲ್ಚರ್. ಅದನ್ನು ಆಂಟಿಬಯಾಟಿಕ್ ಶುರು ಮಾಡುವ ಮುಂಚೆ ತೆಗೆಸಬೇಕು. ಟಿಬಿ ಇರುವವರ ಜೊತೆ ಮಗು ಓಡಾಡಿದ್ದರೆ ಅದನ್ನೂ ತಪ್ಪದೆ ಹೇಳಿ.

ಹಲ್ಲು ಬರುವುದರಿಂದ 102 ಜ್ವರ ಬರುವುದಿಲ್ಲ. ದೃಷ್ಟಿ ತೆಗೆಯಬೇಕೆಂದು ಅಜ್ಜಿಗೆ ಅನ್ನಿಸಿದರೆ ತೆಗೆಯಲಿ, ಅದರಿಂದ ಆಸ್ಪತ್ರೆಗೆ ತಡವಾಗಬಾರದು ಅಷ್ಟೇ.

ಜ್ವರದ ದಿನ

ಪ್ಯಾರಸಿಟಮಾಲ್ ಕೆಜಿಗೆ 15 ಮಿಲಿಗ್ರಾಂ ಲೆಕ್ಕ, ಎರಡು ಡೋಸ್ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ, 24 ಗಂಟೆಯಲ್ಲಿ ನಾಲ್ಕಕ್ಕಿಂತ ಜಾಸ್ತಿ ಬೇಡ. 10 ಕೆಜಿ ಮಗುವಿಗೆ 150 ಮಿಲಿಗ್ರಾಂ. ಬಾಟಲಿ 5 ಎಂಎಲ್‌ಗೆ 125 ಮಿಲಿಗ್ರಾಂ ಆದರೆ 6 ಎಂಎಲ್. 250 ಆದರೆ 3 ಎಂಎಲ್. 1 ಎಂಎಲ್‌ಗೆ 100 ಇರುವ ಡ್ರಾಪ್ಸ್ ಆದರೆ ಒಂದೂವರೆ ಎಂಎಲ್. "ಆರು ಎಂಎಲ್" ಅಂತ ಬಾಯಿಪಾಠ ಮಾಡಿಕೊಂಡು ಡ್ರಾಪ್ಸ್ ಕೊಟ್ಟರೆ ನಾಲ್ಕು ಪಟ್ಟು ಆಗುತ್ತದೆ. ಬಾಟಲಿಯ ಮೇಲೆ ಬರೆದದ್ದನ್ನು ಪ್ರತಿ ಸಲ ಓದಿ. ಮಳೆಗಾಲದಲ್ಲಿ ಡೆಂಗಿ ಸಂಶಯ ಇದ್ದಾಗ ಐಬುಪ್ರೊಫೆನ್, ಮೆಫನಮಿಕ್ ಆಸಿಡ್ ಬೇಡ. ಆಸ್ಪಿರಿನ್ ಅಂತೂ ಮಕ್ಕಳ ಜ್ವರಕ್ಕೆ ಬೇಡವೇ ಬೇಡ.

ಆವರ್ತ ಗೊತ್ತಿದ್ದರೂ "ಇದು ಅದೇ ಜ್ವರ" ಅಂತ ಸುಮ್ನೆ ಕೂರಬಾರದ ಸಂದರ್ಭಗಳಿವೆ. ಮೂರು ತಿಂಗಳೊಳಗಿನ ಕೂಸಿಗೆ 100.4 ಮುಟ್ಟಿದರೂ ತಕ್ಷಣ ಆಸ್ಪತ್ರೆ. ಎಬ್ಬಿಸಿದರೂ ಏಳದಿದ್ದರೆ, ಉಸಿರಾಟ ಜೋರಾದರೆ, ಮೂತ್ರ ಕಡಿಮೆಯಾದರೆ, ಕತ್ತು ಬಿಗಿದರೆ, ಒತ್ತಿದರೂ ಮಾಸದ ಕೆಂಪು ಚುಕ್ಕೆ ಬಂದರೆ ಹೊರಡಿ. ಡೆಂಗಿಯಲ್ಲಿ ಜ್ವರ ಇಳಿದ ಮೇಲೆಯೇ ಅಪಾಯ ಬರುವುದು, ಹೊಟ್ಟೆನೋವು, ಬಿಡದ ವಾಂತಿ, ರಕ್ತಸ್ರಾವ ನೋಡುತ್ತಿರಿ. ಜ್ವರಕ್ಕೆ ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡಲು ಹೋಗಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಅದು ತುರ್ತು. ಮೊದಲ ಸಲ ಬಂದಿದ್ದರೆ ಬೇಗ ನಿಂತರೂ ತೋರಿಸಲೇಬೇಕು. ನಿಧಾನವಾಗಿ ತೂಕ ಇಳಿಯುವುದು, ಮುಖ ಬಿಳಿಚಿಕೊಳ್ಳುವುದು, ರಾತ್ರಿ ಮೂಳೆ ನೋವೆಂದು ಅಳುವುದು ಕೂಡ ಬೇರೆ ಕಾಯಿಲೆಯ ಸುಳಿವು.

ಸ್ಟಿರಾಯಿಡ್, ಟಾನ್ಸಿಲ್

ಪಿಎಫ್‌ಎಪಿಎಯಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯಿಡ್ ಒಂದೇ ಡೋಸ್ ಕೊಟ್ಟರೆ ಕೆಲವೇ ಗಂಟೆಯಲ್ಲಿ ಜ್ವರ ನಿಲ್ಲುತ್ತದೆ. ನೋಡಿದವರಿಗೆ ಪವಾಡ ಅನ್ನಿಸುತ್ತದೆ. ಮುಂದಿನ ಸಲ ಮೆಡಿಕಲ್ ಶಾಪಿನಿಂದ ನಾವೇ ತರೋಣ ಅಂತ ಮನಸ್ಸಾಗುತ್ತದೆ. ದಯವಿಟ್ಟು ಬೇಡ. ಟಿಬಿ ಇದ್ದರೆ ಸ್ಟಿರಾಯಿಡ್ ಕೇಡು ಮಾಡುತ್ತದೆ, ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಇದ್ದರೆ ಸ್ವಲ್ಪ ಕಾಲ ಮರೆಮಾಚುತ್ತದೆ. ಡಾಕ್ಟರೇ ಕೊಟ್ಟಾಗಲೂ ಕೆಲವು ಮಕ್ಕಳಲ್ಲಿ ಮುಂದಿನ ಜ್ವರ ಬೇಗ ಬರುತ್ತದೆ, ಕಂಬ ಎಡಕ್ಕೆ ವಾಲುತ್ತದೆ. ಹಾಳೆಯಲ್ಲಿ "ಸ್ಟಿ" ಅಂತ ಗುರುತು ಹಾಕಿ.

ಟಾನ್ಸಿಲ್ ತೆಗೆಸಿದರೆ ಅನೇಕ ಮಕ್ಕಳಿಗೆ ಜ್ವರ ನಿಲ್ಲುತ್ತದೆ. ಫಿನ್‌ಲೆಂಡ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ಇದನ್ನು ತೋರಿಸಿತು. ಅದರಲ್ಲೇ ಇನ್ನೊಂದು ಅಂಶವೂ ಇದೆ: ಶಸ್ತ್ರಚಿಕಿತ್ಸೆ ಆಗದ ಮಕ್ಕಳಲ್ಲೂ ಸುಮಾರು ಅರ್ಧ ಮಂದಿಗೆ ಆರು ತಿಂಗಳಲ್ಲಿ ತಾನಾಗಿ ನಿಂತಿತ್ತು. ಜ್ವರದಿಂದ ಮನೆ, ಶಾಲೆ, ಕೆಲಸ ಎಷ್ಟು ಅಸ್ತವ್ಯಸ್ತವಾಗಿದೆ ಎನ್ನುವುದರ ಮೇಲೆ ಕಾಯಬೇಕೋ ತೆಗೆಸಬೇಕೋ ನಿರ್ಧರಿಸಬಹುದು. ಕಾಯುವುದೂ ಒಂದು ಚಿಕಿತ್ಸೆಯೇ ಅಂತ ನನಗೆ ಸಮಾಧಾನ ಕೊಟ್ಟಿದ್ದು ಈ ಅಂಶ.

ಕಂಬ ಮೂಡಿದ ಮೇಲೆ ಹಾಳೆ ಇನ್ನೊಂದಕ್ಕೂ ಬಳಕೆಯಾಗುತ್ತದೆ. ಮುಂದಿನ ಸಾಲಿನಲ್ಲಿ ಜ್ವರ ಬೀಳಬಹುದಾದ ಮನೆಗಳನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಆಚೀಚೆ ಮೂರು ದಿನ ಬಿಡಿ. ಲಸಿಕೆ, ಪ್ರಯಾಣ, ಊರ ಜಾತ್ರೆಯನ್ನು ಖಾಲಿ ಮನೆಗಳಿಗೆ ಹಾಕಿಕೊಳ್ಳಿ. ಶಾಲೆಯ ಟೀಚರಿಗೂ ಒಂದು ಪ್ರತಿ ಕೊಡಿ. ಜೊತೆಗೆ ಈ ಜ್ವರ ಬೇರೆ ಮಕ್ಕಳಿಗೆ ಅಂಟುವುದಿಲ್ಲ ಎಂದು ಡಾಕ್ಟರಿಂದ ಎರಡು ಸಾಲು ಬರೆಸಿ ಲಗತ್ತಿಸಿ.